ಮೂರನೇ ತರಗತಿಯ ಮಗುವಿಗೆ ಓದಲು ಬರುತ್ತದೆಯೇ?

ಎಸೆಸೆಲ್ಸಿ ಫಲಿತಾಂಶ ಪ್ರಕಟವಾದ ಕೂಡಲೇ ನಮ್ಮ ಊರುಗಳಲ್ಲಿ ಸನ್ಮಾನಗಳ ಸುಗ್ಗಿ ಆರಂಭವಾಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿಯೂ ಇದಕ್ಕೆ ಹೊರತಲ್ಲ. ಅಂಜುಮನ್‌ಗಳು, ಯುವಕ ಸಂಘಗಳು, ಮಸೀದಿ ಕಮಿಟಿಗಳು ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸುತ್ತವೆ, ಸ್ಮರಣಿಕೆ ನೀಡುತ್ತವೆ. ಇದು ಸಂತೋಷದ ವಿಷಯವೇ. ಪ್ರತಿಭೆಯನ್ನು ಗೌರವಿಸದ ಸಮುದಾಯ ಮುಂದೆ ಬರಲಾರದು. ಆದರೆ ವೇದಿಕೆಯ ಮೇಲಿರುವ ಹತ್ತು ಮಕ್ಕಳನ್ನು ನೋಡಿ ಹಿಗ್ಗುವ ನಾವು, ವೇದಿಕೆಯ ಸಮೀಪಕ್ಕೂ ಬಾರದ ನೂರು ಮಕ್ಕಳ ಲೆಕ್ಕವನ್ನು ಕೇಳುವುದಿಲ್ಲ.

ಆ ಲೆಕ್ಕ ಕಹಿಯಾಗಿದೆ. 2023ರಲ್ಲಿ ರಾಜ್ಯದ ಎಸೆಸೆಲ್ಸಿ ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದಾಗ, ಕೃಪಾಂಕವನ್ನು ಹೆಚ್ಚಿಸಿದ ಬಳಿಕವೂ ಅದು 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ 66.14ಕ್ಕೆ ಬಂದು ನಿಂತಿತು. ಅಂದರೆ ಪರೀಕ್ಷೆ ಬರೆದ ಮೂವರಲ್ಲಿ ಒಬ್ಬರು ಅನುತ್ತೀರ್ಣರು. ಕ್ಯಾಮೆರಾ ಮಕ್ಕಳ ಬುದ್ಧಿಯನ್ನು ಕಸಿದುಕೊಂಡಿತೇ? ಇಲ್ಲ. ಮೊದಲಿನಿಂದಲೂ ಇದ್ದ ಕೊರತೆಯನ್ನು ಅದು ಬಯಲಿಗೆ ತಂದಿತು, ಅಷ್ಟೇ.

ಈ ಕೊರತೆ ಹತ್ತನೇ ತರಗತಿಯಲ್ಲಿ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ಎರಡನೆಯ ಅಥವಾ ಮೂರನೆಯ ತರಗತಿಯಲ್ಲಿ, ಮಗುವಿಗೆ ಅಕ್ಷರ ಕೂಡಿಸಿ ಓದಲು ಬಾರದಿದ್ದರೂ ಪಾಠ ಮುಂದೆ ಸಾಗಿದ ದಿನ. ಆ ದಿನದಿಂದ ಆ ಮಗು ಶಾಲೆಗೆ ಹೋಗುತ್ತದೆ, ಬರುತ್ತದೆ, ಹಾಜರಿ ಪುಸ್ತಕದಲ್ಲಿ ಅದರ ಹೆಸರಿರುತ್ತದೆ. ಕಲಿಕೆ ಮಾತ್ರ ನಿಂತುಹೋಗಿರುತ್ತದೆ. ಕಲಿಕೆಯ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ಜಗತ್ತಿನಾದ್ಯಂತ ನಡೆದ ಅಧ್ಯಯನಗಳು ಹೇಳುವ ಅತ್ಯಂತ ಮುಖ್ಯವಾದ ಮಾತು ಇದೇ ಆಗಿದೆ: ಕಲಿಯುವವನು ಶಿಶುವಾಗಿರಲಿ, ವಿದ್ಯಾರ್ಥಿಯಾಗಿರಲಿ, ಮಕ್ಕಳ ತಾಯಿಯಾಗಿರಲಿ, ಅವನು ಅಥವಾ ಅವಳು ನಿಂತಿರುವ ಮೆಟ್ಟಿಲಿನಿಂದಲೇ ಪಾಠ ಆರಂಭವಾಗಬೇಕು.

‘ಪ್ರಥಮ್’ ಸಂಸ್ಥೆಯು 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆಯ ಬಗ್ಗೆ ಓದುಗರು ಕೇಳಿರಬಹುದು. ಅಸರ್ ಎಂದರೆ ಪರಿಣಾಮ. ನಮ್ಮ ಮನೆಗಳಲ್ಲಿ ದಿನವೂ ಬಳಕೆಯಾಗುವ ಶಬ್ದ. ಸ್ವಯಂಸೇವಕರು ಹಳ್ಳಿಯ ಮನೆಮನೆಗೆ ಹೋಗಿ ಮಗುವಿನ ಮುಂದೆ ಒಂದು ಹಾಳೆ ಇಡುತ್ತಾರೆ. ಅದರಲ್ಲಿ ಕೆಲವು ಅಕ್ಷರ, ಕೆಲವು ಪದ, ಒಂದನೇ ತರಗತಿಯ ಮಟ್ಟದ ನಾಲ್ಕು ವಾಕ್ಯ, ಎರಡನೇ ತರಗತಿಯ ಮಟ್ಟದ ಒಂದು ಪುಟ್ಟ ಕಥೆ ಇರುತ್ತವೆ. ದೇಶದ ಗ್ರಾಮೀಣ ಸರಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಆ ಕಥೆಯನ್ನು ಓದಬಲ್ಲವರು 2022ರಲ್ಲಿ ಶೇಕಡಾ 16.3, 2024ರಲ್ಲಿ ಶೇಕಡಾ 23.4. ಸುಧಾರಣೆಯಾಗಿದೆ ಎಂಬುದು ನಿಜ. ಆದರೆ ನಾಲ್ವರಲ್ಲಿ ಮೂವರು ತಮ್ಮ ಹಿಂದಿನ ವರ್ಷದ ಪುಸ್ತಕವನ್ನೂ ಓದಲಾರರು ಎಂಬುದೂ ಅಷ್ಟೇ ನಿಜ.

ಕೊರೋನಾ ಕಾಲದ ದೀರ್ಘ ರಜೆ ಈ ಗಾಯಕ್ಕೆ ಉಪ್ಪು ಸುರಿಯಿತು. ಅಝೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16 ಸಾವಿರಕ್ಕೂ ಅಧಿಕ ಮಕ್ಕಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇಕಡಾ 92ರಷ್ಟು ಮಕ್ಕಳು ಭಾಷೆಯಲ್ಲಿ ಹಿಂದಿನ ವರ್ಷ ತಮಗಿದ್ದ ಕನಿಷ್ಠ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಈ ಪ್ರಮಾಣ ಶೇಕಡಾ 82. ಆಗ ಒಂದು, ಎರಡನೇ ತರಗತಿಯಲ್ಲಿದ್ದ ಮಕ್ಕಳು ಇಂದು ಪ್ರೌಢಶಾಲೆಯ ಮೆಟ್ಟಿಲು ಹತ್ತಿದ್ದಾರೆ. ಅವರು ಕಳೆದುಕೊಂಡದ್ದನ್ನು ಮರಳಿ ಗಳಿಸಿದ್ದಾರೆಯೇ ಎಂದು ಯಾವ ಸಮಾರಂಭದಲ್ಲಿ ಯಾರು ಕೇಳಿದ್ದಾರೆ?

ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಸಮಸ್ಯೆಗೆ ಇನ್ನೂ ಎರಡು ಮುಖಗಳಿವೆ. ಭೀಮೆ ಮತ್ತು ಕೃಷ್ಣೆ ಅಂಚಿನಲ್ಲಿ ಹರಿಯುತ್ತಿದ್ದರೂ ಬರ ಈ ನೆಲವನ್ನು ಬಿಟ್ಟು ಹೋಗಿಲ್ಲ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗೋವಾಕ್ಕೆ, ಪುಣೆ-ಮುಂಬೈಗಳಿಗೆ, ಬೆಂಗಳೂರಿಗೆ ದುಡಿಮೆ ಅರಸಿ ಹೊರಡುತ್ತವೆ. ಕಬ್ಬಿನ ಹಂಗಾಮಿನಲ್ಲಿ ಗಂಡ ಹೆಂಡತಿ ಇಬ್ಬರೂ ಗದ್ದೆಯಲ್ಲಿದ್ದಾಗ ಮಕ್ಕಳೂ ಜೊತೆಗೇ ಇರುತ್ತಾರೆ. ನಾಲ್ಕು ತಿಂಗಳು ಬಿಟ್ಟು ಮರಳಿ ಬಂದ ಮಗುವನ್ನು ಶಾಲೆ ಅದರ ವಯಸ್ಸಿಗೆ ಸರಿಯಾದ ತರಗತಿಯಲ್ಲೇ ಕೂರಿಸುತ್ತದೆ. ಅದು ಸರಿಯೇ. ಆದರೆ ಆ ನಾಲ್ಕು ತಿಂಗಳ ಪಾಠವನ್ನು ಅದಕ್ಕೆ ಯಾರು ಹೇಳಿಕೊಡಬೇಕು?

ಎರಡನೆಯದು ಮನೆಯ ಸ್ಥಿತಿ. 2011ರ ಜನಗಣತಿಯಂತೆ ವಿಜಯಪುರ ಜಿಲ್ಲೆಯ ಸಾಕ್ಷರತೆ ಶೇಕಡಾ 67ರಷ್ಟು. ಮಹಿಳೆಯರದು ಶೇಕಡಾ 57ರ ಆಸುಪಾಸು. 2006ರಲ್ಲಿ ಬಂದ ಸಾಚಾರ್ ವರದಿಯು, 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನಾಲ್ಕನೇ ಒಂದರಷ್ಟು ಮಂದಿ ಶಾಲೆಯ ಮುಖ ನೋಡಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದಿತ್ತು. ಆ ತಲೆಮಾರಿನ ಮಕ್ಕಳೇ ಇಂದಿನ ತಾಯಿತಂದೆಯರು. ಮನೆಯಲ್ಲಿ ಪಾಠ ನೋಡುವವರಿಲ್ಲದ ಮಗುವಿಗೆ ಶಾಲೆಯೊಂದೇ ಆಸರೆ. ಆ ಶಾಲೆಯ ಪಾಠ ಅದರ ತಲೆಯ ಮೇಲಿಂದ ಹಾರಿಹೋದರೆ ಅದು ಯಾರನ್ನು ಕೇಳಬೇಕು?

ಇದಕ್ಕೆ ಪರಿಹಾರವಿಲ್ಲವೇ? ಇದೆ. ಅದು ದುಬಾರಿಯಾದುದೂ ಅಲ್ಲ. ಮುಂಬೈ ಮತ್ತು ವಡೋದರದ ನಗರಪಾಲಿಕೆ ಶಾಲೆಗಳಲ್ಲಿ 2001ರಿಂದ 2003ರವರೆಗೆ ಒಂದು ಪ್ರಯೋಗ ನಡೆಯಿತು. ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿ, ಅದೇ ಬಡಾವಣೆಯ ಯುವತಿಯೊಬ್ಬಳು ಅವರಿಗೆ ಓದು ಮತ್ತು ಲೆಕ್ಕದ ಮೂಲಪಾಠಗಳನ್ನು ಕಲಿಸಿದಳು. ಅವಳನ್ನು ‘ಬಾಲಸಖಿ’ ಎಂದು ಕರೆದರು. ಅವಳಿಗೆ ದೊಡ್ಡ ಪದವಿಯಿರಲಿಲ್ಲ, ಅಲ್ಪಾವಧಿಯ ತರಬೇತಿಯಿತ್ತು. ಆದರೂ ಮಕ್ಕಳ ಕಲಿಕೆ ಸ್ಪಷ್ಟವಾಗಿ ಮೇಲೇರಿತು. ಅತ್ಯಂತ ಹಿಂದೆ ಬಿದ್ದ ಮಕ್ಕಳಿಗೇ ಅತಿ ಹೆಚ್ಚು ಲಾಭವಾಯಿತು. ಇದನ್ನು ಅಳೆದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೋ ಇದ್ದರು. 2019ರಲ್ಲಿ ಮೈಕಲ್ ಕ್ರೆಮರ್ ಜೊತೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆತಾಗ ಇಂಥ ಅಧ್ಯಯನಗಳೂ ಅದಕ್ಕೆ ಆಧಾರವಾಗಿದ್ದವು.

ನಮ್ಮ ಸಂಘಟನೆಗಳು ವಿಶೇಷವಾಗಿ ಗಮನಿಸಬೇಕಾದುದು ಉತ್ತರ ಪ್ರದೇಶದ ಜೌನ್‌ಪುರದಲ್ಲಿ ನಡೆದ ಇನ್ನೊಂದು ಅಧ್ಯಯನವನ್ನು. ಅಲ್ಲಿ ಕೆಲವು ಹಳ್ಳಿಗಳಲ್ಲಿ ಸಭೆ ಕರೆದು ಪೋಷಕರಿಗೆ ಅವರ ಹಕ್ಕುಗಳನ್ನೂ ಶಾಲಾ ಸಮಿತಿಯ ಅಧಿಕಾರವನ್ನೂ ವಿವರಿಸಲಾಯಿತು. ಇನ್ನು ಕೆಲವು ಹಳ್ಳಿಗಳಲ್ಲಿ ಮಕ್ಕಳ ಓದಿನ ಮಟ್ಟವನ್ನು ಪರೀಕ್ಷಿಸುವ ವಿಧಾನವನ್ನೂ ಕಲಿಸಿಕೊಡಲಾಯಿತು. ಇವೆರಡರಿಂದ ಮಕ್ಕಳ ಕಲಿಕೆಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಮೂರನೇ ಗುಂಪಿನ ಹಳ್ಳಿಗಳಲ್ಲಿ ಯುವಕರು ಸ್ವತಃ ಓದುವ ಶಿಬಿರ ನಡೆಸಿದರು. ಆ ಶಿಬಿರಕ್ಕೆ ಬಂದ ಮಕ್ಕಳು ಓದಲು ಕಲಿತರು. ಆದರೆ ಬಂದವರು ಕೆಲವೇ ಮಕ್ಕಳು, ಉಳಿದವರನ್ನು ಕರೆತರುವವರಿರಲಿಲ್ಲ. ಇದರಲ್ಲಿ ನಮಗೆ ಎರಡು ಪಾಠಗಳಿವೆ. ಜಾಗೃತಿ ಸಭೆ, ಭಾಷಣ, ಕರಪತ್ರಗಳಿಂದ ಮಗುವಿಗೆ ಓದಲು ಬರುವುದಿಲ್ಲ. ಶಿಬಿರ ತೆರೆದು ಕುಳಿತರೂ ಸಾಲದು, ಮನೆಬಾಗಿಲಿಗೆ ಹೋಗಿ ಮಗುವಿನ ಕೈ ಹಿಡಿದು ತರಬೇಕು.

ಸರಕಾರಿ ಶಿಕ್ಷಕರಿಂದ ಇದು ಸಾಧ್ಯವಿಲ್ಲ ಎಂದು ಹೇಳುವವರಿದ್ದಾರೆ. ಹರಿಯಾಣದ ಅನುಭವ ಬೇರೆಯೇ ಇದೆ. ಅಲ್ಲಿ ಶಾಲಾವೇಳೆಯಲ್ಲೇ ಪ್ರತ್ಯೇಕ ಅವಧಿಯನ್ನು ಮೀಸಲಿಟ್ಟು, ತರಗತಿಯ ಗಡಿಯನ್ನು ಬದಿಗಿರಿಸಿ, ಮಕ್ಕಳನ್ನು ಅವರ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸಿದಾಗ ಸರಕಾರಿ ಶಿಕ್ಷಕರೇ ಮಕ್ಕಳ ಹಿಂದಿ ಓದನ್ನು ಸುಧಾರಿಸಿದರು. ಬೇರೆಡೆ ಬರೀ ತರಬೇತಿ ಮತ್ತು ಸಾಮಗ್ರಿ ಕೊಟ್ಟು, ಸಮಯವನ್ನು ಮೀಸಲಿಡದಿದ್ದಾಗ ಫಲ ಸಿಗಲಿಲ್ಲ. ಕರ್ನಾಟಕಕ್ಕೂ ಈ ದಾರಿ ಹೊಸದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶಿಕ್ಷಕರೇ ಮುಂದೆ ನಿಂತು ರೂಪಿಸಿದ ‘ನಲಿ-ಕಲಿ’ಯ ತಿರುಳೂ ಇದೇ ಆಗಿತ್ತು. ಮಗು ತನ್ನ ವೇಗದಲ್ಲಿ ಕಲಿಕೆಯ ಏಣಿಯನ್ನು ಹತ್ತಬೇಕು, ರಜೆ ಮುಗಿಸಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬೇಕು. ಗುಳೆ ಹೋಗಿ ಬರುವ ಮಗುವಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆ ಯಾವುದಿದೆ? 2009-10ರಿಂದ ಅದು ರಾಜ್ಯದಾದ್ಯಂತ ಹರಡಿತು. ಆದರೆ ಏಣಿಯ ಚಿತ್ರವನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಮಗು ಮೇಲೇರುವುದಿಲ್ಲ. ಅದು ಯಾವ ಮೆಟ್ಟಿಲಿನಲ್ಲಿದೆ ಎಂದು ದಿನವೂ ನೋಡುವ ಕಣ್ಣು ಬೇಕು.

ಭಾಷೆಯ ವಿಚಾರದಲ್ಲಿಯೂ ನಾವು ಪ್ರಾಮಾಣಿಕರಾಗಬೇಕಾಗಿದೆ. ನಮ್ಮ ಮಕ್ಕಳು ಮನೆಯಲ್ಲಿ ಆಡುವುದು ದಖನಿ. ಓಣಿಯಲ್ಲಿ, ಸಂತೆಯಲ್ಲಿ ಆಡುವುದು ಇಲ್ಲಿನ ಕನ್ನಡ. ಇಂಡಿ, ಚಡಚಣದ ಗಡಿಯಲ್ಲಿ ಮರಾಠಿಯೂ ಕಿವಿಗೆ ಬೀಳುತ್ತದೆ. ಉರ್ದು ಶಾಲೆಗೆ ಹೋದ ಮಗುವಿಗೆ ಪಠ್ಯದ ಉರ್ದು ಅರ್ಧ ಪರಕೀಯ. ಮನೆಯಲ್ಲಿ ‘ನಕ್ಕೋ’ ಎನ್ನುವ ಮಗುವಿಗೆ ‘ನಹೀಂ’ ಎಂದು ಬರೆಯಬೇಕೆಂದು ಯಾರೂ ನಿಧಾನವಾಗಿ ತಿಳಿಸುವುದಿಲ್ಲ, ಗದರಿಸುತ್ತಾರೆ. ಕನ್ನಡ ಶಾಲೆಗೆ ಹೋದ ಮಗುವಿಗೆ ಪುಸ್ತಕದ ಕನ್ನಡ ಅಷ್ಟೇ ದೂರ. ಇನ್ನು ಕೆಲವರು ಸಾಲ ಮಾಡಿ ಆಂಗ್ಲ ಮಾಧ್ಯಮಕ್ಕೆ ಸೇರಿಸುತ್ತಾರೆ. ಅಲ್ಲಿ ಮಗು ಅರ್ಥವಾಗದ ವಾಕ್ಯಗಳನ್ನು ಕಂಠಪಾಠ ಮಾಡಿ ಒಪ್ಪಿಸುತ್ತದೆ, ತಂದೆ ಅದನ್ನೇ ವಿದ್ಯೆಯೆಂದು ನಂಬುತ್ತಾನೆ. ಮಾಧ್ಯಮ ಯಾವುದಿರಬೇಕೆಂಬ ವಾದದಲ್ಲಿ ವರ್ಷಗಳನ್ನು ಕಳೆದ ನಾವು, ಯಾವ ಮಾಧ್ಯಮದಲ್ಲಾದರೂ ಮಗುವಿಗೆ ಅರ್ಥವಾಗುತ್ತಿದೆಯೇ ಎಂದು ನೋಡಲು ಮರೆತೆವು. ತಿಳಿದ ಭಾಷೆಯ ಸೇತುವೆಯ ಮೇಲೆ ನಡೆದರೆ ಮಾತ್ರ ತಿಳಿಯದ ಭಾಷೆಯ ದಡ ಸೇರಬಹುದು ಎಂಬುದು ಹಲವು ಅಧ್ಯಯನಗಳ ಅಭಿಪ್ರಾಯ.

ಈ ಸತ್ಯವನ್ನು ನಮ್ಮ ನೆಲ ಯಾವ ವಿಶ್ವವಿದ್ಯಾಲಯಕ್ಕೂ ಮುನ್ನವೇ ಅರಿತಿತ್ತು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಜನರೊಂದಿಗೆ ಮಾತನಾಡಿದ್ದು ಜನರದೇ ಕನ್ನಡದಲ್ಲಿ. ಬಿಜಾಪುರದ ಸೂಫಿಗಳು ಧರ್ಮದ ತಿಳಿವಳಿಕೆಯನ್ನು ಸರಳ ದಖನಿಯಲ್ಲಿ ಹಾಡಾಗಿಸಿದರು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಹಾಡಲೆಂದು ‘ಚಕ್ಕಿನಾಮಾ’ಗಳು, ನೂಲುವಾಗ ಹಾಡಲೆಂದು ‘ಚರಖಾನಾಮಾ’ಗಳು ಹುಟ್ಟಿದವು. ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಅಕ್ಷರ ಬಾರದ ವಯಸ್ಕ ಹೆಣ್ಣುಮಗಳಿಗೆ, ಅವಳ ಕೆಲಸದ ನಡುವೆಯೇ, ಅವಳ ನುಡಿಯಲ್ಲೇ ಕಲಿಸುವ ವಿಧಾನ ನಮ್ಮ ಜಿಲ್ಲೆಯಲ್ಲಿ ಶತಮಾನಗಳ ಹಿಂದೆಯೇ ಇತ್ತು!

ಇನ್ನು ನೆನಪಿನ ಶಕ್ತಿಯ ವಿಷಯ. ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸ 1885ರಲ್ಲೇ ಮರೆವಿನ ಬಗ್ಗೆ ಅಧ್ಯಯನ ಪ್ರಕಟಿಸಿ, ಕಲಿತದ್ದು ಮೊದಲ ಕೆಲವು ಗಂಟೆ ಮತ್ತು ದಿನಗಳಲ್ಲೇ ಬಹುಪಾಲು ಜಾರಿಹೋಗುತ್ತದೆ, ಅಂತರ ಬಿಟ್ಟು ಮರುಕಳಿಸಿದರೆ ಉಳಿಯುತ್ತದೆ ಎಂದು ತೋರಿಸಿದ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ಬಳಿಕ ಮುಂದಿದ್ದರು. ಒಂದು ವಾರದ ಬಳಿಕ, ಪುಸ್ತಕ ಮುಚ್ಚಿ ನೆನಪಿನಿಂದ ಒಪ್ಪಿಸಿದವರು ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಪರೀಕ್ಷೆಯ ಮರುದಿನ ಏಕೆ ಉಳಿಯುವುದಿಲ್ಲ ಎಂಬುದಕ್ಕೆ ಇದೇ ಉತ್ತರ.

ಮದ್ರಸದಲ್ಲಿ ಕಲಿತವರಿಗೆ ಇದನ್ನು ಓದಿದಾಗ ಆಶ್ಚರ್ಯಕ್ಕಿಂತ ಪರಿಚಯದ ಭಾವ ಮೂಡುತ್ತದೆ. ಹಿಫ್ಝ್ ತರಗತಿಯ ನಿತ್ಯಕ್ರಮವೇ ಇದು. ಇಂದಿನ ಹೊಸ ಪಾಠ ‘ಸಬಕ್’, ಇತ್ತೀಚಿನ ಪಾಠಗಳ ಮರುಕಳಿಕೆ ‘ಸಬಕ್ ಪಾರ’, ಹಳೆಯದರ ಸರದಿ ‘ಆಮೋಖ್ತಾ’. ಮೂರನ್ನೂ ಪ್ರತಿದಿನ ಉಸ್ತಾದರ ಮುಂದೆ ಪುಸ್ತಕವಿಲ್ಲದೆ ಒಪ್ಪಿಸಬೇಕು. ಕುರ್‌ಆನ್ ಕಂಠಪಾಠ ಮಾಡಿದವನನ್ನು ಪ್ರವಾದಿ(ಸ)ಯವರು ಕಟ್ಟಿದ ಒಂಟೆಯ ಯಜಮಾನನಿಗೆ ಹೋಲಿಸಿದ್ದು, ಕಾವಲಿದ್ದರೆ ಉಳಿಯುತ್ತದೆ, ಬಿಟ್ಟರೆ ಹೊರಟುಹೋಗುತ್ತದೆ ಎಂಬ ಅರ್ಥದಲ್ಲಿ. ಎಂಟು ನೂರು ವರ್ಷಗಳಷ್ಟು ಹಿಂದೆ ಇಮಾಂ ಝರ್ನೂಜಿಯವರು ತಮ್ಮ ‘ತಅಲೀಮುಲ್ ಮುತಅಲ್ಲಿಮ್’ ಗ್ರಂಥದಲ್ಲಿ ನಿನ್ನೆಯ ಪಾಠವನ್ನು ಐದು ಬಾರಿ, ಮೊನ್ನೆಯದನ್ನು ನಾಲ್ಕು ಬಾರಿ, ಅದರ ಹಿಂದಿನದನ್ನು ಮೂರು ಬಾರಿ ಎಂದು ಮರುಕಳಿಸುವ ಲೆಕ್ಕವನ್ನೇ ಹಾಕಿಕೊಟ್ಟಿದ್ದಾರೆ. ಹತ್ತು ವರ್ಷದ ಬಾಲಕ ಆರು ಸಾವಿರಕ್ಕೂ ಹೆಚ್ಚು ಸೂಕ್ತಗಳನ್ನು ಎದೆಯಲ್ಲಿ ಇರಿಸಿಕೊಳ್ಳುವುದು ಪವಾಡವಾದರೆ, ಆ ಪವಾಡಕ್ಕೆ ಇಂಥ ಶಿಸ್ತಿನ ಆಸರೆಯೂ ಇದೆ.

ವಿಪರ್ಯಾಸವೆಂದರೆ, ಈ ಶಿಸ್ತು ಮಸೀದಿಯ ಹೊಸ್ತಿಲು ದಾಟಿ ಮಗುವಿನ ಗಣಿತ, ವಿಜ್ಞಾನ, ಕನ್ನಡದ ಪಾಠಕ್ಕೆ ಬರಲಿಲ್ಲ. ಅಷ್ಟೇ ಅಲ್ಲ, ನಮ್ಮ ಮಕ್ತಬ್‌ಗಳಲ್ಲಿ ಅರ್ಥದ ಪಾಲು ತೀರಾ ಕಡಿಮೆಯಾಯಿತು. ಉಚ್ಚಾರ ಶುದ್ಧವಾಗಿ ಓದುವ ಮಗುವಿಗೆ ತಾನು ನಮಾಝಿನಲ್ಲಿ ಏನು ಹೇಳುತ್ತಿದ್ದೇನೆ ಎಂಬುದು ತಿಳಿದಿರುವುದಿಲ್ಲ. ಇಬ್ನು ಖಲ್ದೂನ್ 1377ರಲ್ಲಿ ರಚಿಸಿದ ‘ಮುಖದ್ದಿಮಾ’ದಲ್ಲಿ ಈ ಬಗ್ಗೆ ಎಚ್ಚರಿಸಿದ್ದರು. ವಿದ್ಯೆಯನ್ನು ಹಂತಹಂತವಾಗಿ, ಮೊದಲು ಸ್ಥೂಲವಾಗಿ, ಬಳಿಕ ವಿವರವಾಗಿ, ಕೊನೆಗೆ ಸೂಕ್ಷ್ಮವಾಗಿ ಮೂರು ಸುತ್ತಿನಲ್ಲಿ ಕಲಿಸಬೇಕು. ಮಗುವಿನ ಗ್ರಹಣಶಕ್ತಿಗೆ ಮೀರಿದ್ದನ್ನು ಹೇರಬಾರದು. ಕಠಿಣ ಶಿಕ್ಷೆ ಮಗುವನ್ನು ಸುಳ್ಳುಗಾರನನ್ನಾಗಿಯೂ ಸೋಮಾರಿಯನ್ನಾಗಿಯೂ ಮಾಡುತ್ತದೆ ಎಂಬುದು ಅವರ ವಾದದ ಸಾರ. ಬೆತ್ತವನ್ನು ಶಿಕ್ಷಣದ ಅಂಗವೆಂದು ಇಂದಿಗೂ ಸಮರ್ಥಿಸುವವರು, ಶಾಲೆಯವರಾಗಲಿ ಮದ್ರಸದವರಾಗಲಿ, ಇದನ್ನು ಮನನ ಮಾಡಬೇಕು.

ನಮ್ಮ ಮಕ್ಕಳಿಗೆ ಬುದ್ಧಿಯಿಲ್ಲ ಎಂಬ ಮಾತನ್ನು ಕೆಲವು ಶಿಕ್ಷಕರಿಂದ ಕೇಳುತ್ತೇವೆ. ಇದಕ್ಕೆ 2025ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತಕ್ಕ ಉತ್ತರ ನೀಡಿದೆ. ಕೋಲ್ಕತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳು ತೂಕ, ದರ, ಚಿಲ್ಲರೆಯ ಜಟಿಲ ಲೆಕ್ಕವನ್ನು ಕಾಗದವಿಲ್ಲದೆ ಬಾಯಲ್ಲೇ ಮಾಡಿದರು. ಅದೇ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದುಕೊಟ್ಟ ಸರಳ ಲೆಕ್ಕಗಳ ಮುಂದೆ ತಡವರಿಸಿದರು. ಇತ್ತ, ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಇಂಡಿಯ ನಿಂಬೆ ವ್ಯಾಪಾರದಲ್ಲಿ, ಸಿಂದಗಿ, ತಾಳಿಕೋಟೆಗಳ ಸಂತೆಯಲ್ಲಿ, ಬಾಗವಾನರ ಹಣ್ಣಿನ ಗಾಡಿಯ ಬದಿಯಲ್ಲಿ, ಮಣಿಯಾರರ ಬಳೆಯಂಗಡಿಯಲ್ಲಿ ನಿಂತಿರುವ ಹುಡುಗನನ್ನು ಒಮ್ಮೆ ಗಮನಿಸಿರಿ. ಕಿಲೋಗೆ ಎಂಬತ್ತಾದರೆ ಮುಕ್ಕಾಲು ಕಿಲೋಗೆ ಎಷ್ಟೆಂದು ಅವನು ಕ್ಷಣದಲ್ಲಿ ಹೇಳುತ್ತಾನೆ. ಶಾಲೆಯಲ್ಲಿ ಅವನೇ ಭಿನ್ನರಾಶಿಯಲ್ಲಿ ಸೊನ್ನೆ ಪಡೆಯುತ್ತಾನೆ. ಅವನ ಲೆಕ್ಕವನ್ನು ಕರಿಹಲಗೆಗೆ ತರಬಲ್ಲ ಶಿಕ್ಷಕ ಸಿಕ್ಕಿದ್ದರೆ ಅವನು ಅನುತ್ತೀರ್ಣನಾಗುತ್ತಿರಲಿಲ್ಲ. ಹಾಗೆಂದು ಮಗು ಗಾಡಿಯ ಬಳಿಯೇ ಇರಲಿ ಎಂದು ಇದರ ಅರ್ಥವಲ್ಲ. ಅವನ ಜಾಗ ಶಾಲೆ. ಅವನು ತಂದ ಬುದ್ಧಿಗೆ ಅಲ್ಲಿ ಬೆಲೆಯಿರಲಿ.

ಶಾಲೆಗೆ ಮುಂಚಿನ ವಯಸ್ಸನ್ನು ನಾವು ಸಂಪೂರ್ಣವಾಗಿ ಅಲಕ್ಷಿಸಿದ್ದೇವೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ‘ಪೆರಿ’ ಶಿಶುಶಾಲೆಯ ಬಡ ಮಕ್ಕಳನ್ನು ನಲವತ್ತನೇ ವಯಸ್ಸಿನವರೆಗೂ ಹಿಂಬಾಲಿಸಿ ನೋಡಿದಾಗ, ಶಿಶುಶಾಲೆಗೆ ಹೋದವರು ಹೋಗದವರಿಗಿಂತ ಹೆಚ್ಚು ಓದಿದ್ದರು, ಹೆಚ್ಚು ಗಳಿಸುತ್ತಿದ್ದರು, ಜೈಲಿಗೆ ಹೋದವರು ಕಡಿಮೆಯಿದ್ದರು. ನಮ್ಮಲ್ಲಿ 1975ರಲ್ಲೇ ಅಂಗನವಾಡಿ ಯೋಜನೆ ಬಂತು. ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. ತಮಿಳುನಾಡಿನ ಅಂಗನವಾಡಿಗಳಲ್ಲಿ ಮಕ್ಕಳಿಗೆ ಕಲಿಸಲೆಂದೇ ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ನೇಮಿಸಿ ನೋಡಿದಾಗ ಕಲಿಕೆಯ ಸಮಯ ಇಮ್ಮಡಿಯಾಯಿತು, ಮಕ್ಕಳ ಭಾಷೆ ಮತ್ತು ಲೆಕ್ಕ ಸುಧಾರಿಸಿತು, ಅಪೌಷ್ಟಿಕತೆಯೂ ತಗ್ಗಿತು. ನಮ್ಮ ಮೊಹಲ್ಲಾಗಳ ಅಂಗನವಾಡಿಯನ್ನು ನಾವು ಇಂದಿಗೂ ಆಹಾರದ ಪೊಟ್ಟಣ ಕೊಡುವ ಜಾಗವೆಂದೇ ತಿಳಿದಿದ್ದೇವೆ.

ವಯಸ್ಸಾದವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಬಿಹಾರ ಮತ್ತು ರಾಜಸ್ಥಾನದಲ್ಲಿ ತಾಯಂದಿರಿಗೆ ಅಕ್ಷರ ಕಲಿಸಿ, ಮನೆಯಲ್ಲಿ ಮಕ್ಕಳೊಂದಿಗೆ ಮಾಡಬಹುದಾದ ಸಣ್ಣ ಚಟುವಟಿಕೆಗಳನ್ನೂ ಹೇಳಿಕೊಟ್ಟು ಅಳೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ತಾಯಂದಿರ ಕಲಿಕೆ ಹೆಚ್ಚಿತು, ಮಕ್ಕಳ ಲೆಕ್ಕವೂ ತುಸು ಸುಧಾರಿಸಿತು. ಲಾಭ ದೊಡ್ಡದಲ್ಲ, ಆದರೆ ಅದು ಎರಡು ತಲೆಮಾರಿಗೆ ಒಟ್ಟಿಗೆ ಸಿಗುವ ಲಾಭ. 1990ರ ದಶಕದ ಸಾಕ್ಷರತಾ ಆಂದೋಲನದ ನೆನಪು ಜಿಲ್ಲೆಯ ಹಿರಿಯರಲ್ಲಿ ಇನ್ನೂ ಇದೆ. ಆಗ ಸಹಿ ಹಾಕಲು ಕಲಿತ ಅನೇಕರು ಓದಲು ಪುಸ್ತಕವಿಲ್ಲದೆ ಅಕ್ಷರವನ್ನೇ ಮರೆತರು. ಕಾವಲಿಲ್ಲದ ಒಂಟೆಯಂತೆ ವಿದ್ಯೆ ಹೊರಟುಹೋಯಿತು. ಪ್ರವಾದಿ(ಸ)ಯವರ ಕಾಲದಲ್ಲಿ ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ ಪ್ರವಾದಿಪತ್ನಿ ಹಫ್ಸಾ(ರ) ಅವರಿಗೆ ಬರೆಯಲು ಕಲಿಸಿದ್ದರು. ಬದ್ರ್‌ನ ಯುದ್ಧಕೈದಿಗಳಲ್ಲಿ ಅಕ್ಷರ ಬಲ್ಲವರು ತಲಾ ಹತ್ತು ಮಕ್ಕಳಿಗೆ ಕಲಿಸಿ ಬಿಡುಗಡೆ ಪಡೆದ ವೃತ್ತಾಂತ ನಮಗೆಲ್ಲ ಗೊತ್ತಿದೆ. ವೇದಿಕೆಯಲ್ಲಿ ಈ ಕಥೆಗಳನ್ನು ಹೇಳಿ ಕೆಳಗಿಳಿದ ಮೇಲೆ ನಮ್ಮ ಮೊಹಲ್ಲಾದ ಹತ್ತು ಮಕ್ಕಳಿಗೆ ಯಾರು ಕಲಿಸುತ್ತಾರೆ?

ಇಷ್ಟು ಹೇಳಿದಾಗ ಸರಕಾರದ ಹೊಣೆ ಕಡಿಮೆಯಾಗುವುದಿಲ್ಲ. ಮೂರನೇ ತರಗತಿಯೊಳಗೆ ಪ್ರತಿ ಮಗುವಿಗೂ ಓದು ಮತ್ತು ಲೆಕ್ಕ ಬರಬೇಕೆಂದು ಕೇಂದ್ರ ಸರಕಾರ 2021ರಲ್ಲಿ ‘ನಿಪುಣ್ ಭಾರತ್’ ಘೋಷಿಸಿತು. 2026-27ನ್ನು ಗಡುವಾಗಿ ಇರಿಸಿತು. ಅದೇ ಸರಕಾರ 2022ರ ನವೆಂಬರ್‌ನಲ್ಲಿ ಅಲ್ಪಸಂಖ್ಯಾತ ಸಮುದಾಯದ ಒಂದರಿಂದ ಎಂಟನೇ ತರಗತಿಯ ಮಕ್ಕಳ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. ಮರು ತಿಂಗಳು ಮೌಲಾನಾ ಆಝಾದ್ ಸಂಶೋಧನಾ ವೇತನವನ್ನೂ ನಿಲ್ಲಿಸಿತು. ಒಂದು ಕೈಯಲ್ಲಿ ಗುರಿ ತೋರಿಸಿ ಇನ್ನೊಂದು ಕೈಯಲ್ಲಿ ಊರುಗೋಲು ಕಸಿಯುವುದು ಯಾವ ನ್ಯಾಯ? ರಾಜ್ಯ ಸರಕಾರವೂ ಕೊರೋನಾ ಬಳಿಕ 2022-23ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ಹಮ್ಮಿಕೊಂಡಿತ್ತು. ಒಂದು ವರ್ಷದ ಹಾಳೆಗಳಿಂದ ಹಲವು ವರ್ಷದ ನಷ್ಟ ತುಂಬುವುದಿಲ್ಲ. ಶಿಕ್ಷಕರ ಖಾಲಿ ಹುದ್ದೆಗಳನ್ನು ಭರ್ತಿ ಮಾಡದೆ, ಇರುವ ಶಿಕ್ಷಕರನ್ನು ಗಣತಿ ಮತ್ತು ಚುನಾವಣೆಗಳಿಗೆ ಓಡಿಸುತ್ತಾ, ಗುಣಮಟ್ಟದ ಬಗ್ಗೆ ಮಾತನಾಡುವ ನೈತಿಕತೆ ಯಾವ ಪಕ್ಷಕ್ಕೂ ಇಲ್ಲ. ಮತ ಕೇಳಲು ಬರುವವರ ಬಳಿ ಶಾದಿ ಮಹಲ್, ಖಬರಸ್ತಾನದ ಕಾಂಪೌಂಡು ಬೇಡುವ ನಾವು, ಮೊಹಲ್ಲಾದ ಶಾಲೆಗೆ ಗಣಿತ ಶಿಕ್ಷಕರನ್ನು ಎಂದಾದರೂ ಬೇಡಿದ್ದೇವೆಯೇ?

ಆದರೆ ಸರಕಾರ ಎಚ್ಚರಗೊಳ್ಳುವವರೆಗೆ ನಮ್ಮ ಎಂಟು ವರ್ಷದ ಮಗು ಎಂಟು ವರ್ಷದಲ್ಲೇ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಜಮಾಅತ್ ಈ ಕೆಲವು ಕೆಲಸಗಳನ್ನು ಕೈಗೊಳ್ಳಬಹುದಾಗಿದೆ. ಮೊದಲನೆಯದಾಗಿ, ಮೊಹಲ್ಲಾದ ಏಳರಿಂದ ಹನ್ನೆರಡು ವರ್ಷದ ಪ್ರತಿ ಮಗುವಿನ ಪಟ್ಟಿ ಮಾಡಿ, ಒಂದು ಹಾಳೆಯ ಮೂಲಕ ಅದು ಅಕ್ಷರ, ಪದ, ವಾಕ್ಯ, ಕಥೆ ಯಾವ ಮಟ್ಟದಲ್ಲಿದೆ ಎಂದು ಗುರುತಿಸಬೇಕು. ಇದಕ್ಕೆ ಎರಡು ಭಾನುವಾರ ಸಾಕು. ಎರಡನೆಯದಾಗಿ, ಮಕ್ತಬ್ ಮುಗಿದ ಬಳಿಕ ಒಂದು ಗಂಟೆ ಅದೇ ಜಾಗದಲ್ಲಿ, ವಯಸ್ಸು ನೋಡದೆ ಮಟ್ಟ ನೋಡಿ ಗುಂಪು ಮಾಡಿ, ಕನ್ನಡ ಅಥವಾ ಉರ್ದು ಓದು ಮತ್ತು ಲೆಕ್ಕ ಕಲಿಸಬೇಕು. ಪಿಯುಸಿ ಅಥವಾ ಪದವಿ ಮುಗಿಸಿ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಗೌರವಧನ ಕೊಟ್ಟು ಈ ಹೊಣೆಯನ್ನು ಒಪ್ಪಿಸಬೇಕು. ಸನ್ಮಾನ ಸಮಾರಂಭವೊಂದರ ಖರ್ಚಿನಿಂದ ಅವರಿಗೆ ಹಲವು ತಿಂಗಳ ಗೌರವಧನ ಕೊಡಬಹುದು.

ಮೂರನೆಯದಾಗಿ, ಗುಳೆ ಹೋಗುವ ಕುಟುಂಬದ ಮಕ್ಕಳನ್ನು ಅಜ್ಜ-ಅಜ್ಜಿ, ಬಂಧುಗಳ ಮನೆಯಲ್ಲಿ ಇಲ್ಲವೇ ಸರಕಾರಿ ವಸತಿನಿಲಯದಲ್ಲಿ ಉಳಿಸುವ ಏರ್ಪಾಡು ಮಾಡಬೇಕು. ಹೋದವರು ಮರಳಿದ ವಾರವೇ ಅವರನ್ನು ಆ ಒಂದು ಗಂಟೆಯ ತರಗತಿಗೆ ಸೇರಿಸಬೇಕು. ನಾಲ್ಕನೆಯದಾಗಿ, ವಾರದಲ್ಲಿ ಎರಡು ದಿನ ತಾಯಂದಿರಿಗೆ ಓದುವ ತರಗತಿ ಇರಬೇಕು. ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಮಗುವಿನ ಪಠ್ಯಪುಸ್ತಕ ಇವೇ ಅವರ ಪಾಠಗಳಾಗಲಿ. ಐದನೆಯದಾಗಿ, 2001ರಿಂದ ಶಾಲೆಗಳಲ್ಲಿರುವ ಎಸ್‌ಡಿಎಂಸಿಗಳಿಗೆ ನಮ್ಮ ಪೋಷಕರು ಸದಸ್ಯರಾಗಿ, ಸಭೆಯಲ್ಲಿ ಬಣ್ಣ, ಬೆಂಚುಗಳ ಜೊತೆ ಓದಿನ ಲೆಕ್ಕವನ್ನೂ ಕೇಳಬೇಕು. ಆರನೆಯದಾಗಿ, ಜುಮಾ ಖುತ್ಬಾದಲ್ಲಿ ತಿಂಗಳಿಗೊಮ್ಮೆಯಾದರೂ ಇಮಾಮರು ಆ ಪಟ್ಟಿಯ ಸ್ಥಿತಿಯನ್ನು ಜಮಾಅತಿನ ಮುಂದಿಡಬೇಕು: ಕಳೆದ ತಿಂಗಳು ಓದಲು ಬಾರದವರು ಎಷ್ಟು, ಈ ತಿಂಗಳು ಎಷ್ಟು? ಮಗುವಿನ ಹೆಸರು ಹೇಳುವುದು ಬೇಡ, ಸಂಖ್ಯೆ ಸಾಕು.

ಈ ಕೆಲಸಗಳು ನಮ್ಮ ಮಕ್ಕಳಿಗೆ ಸೀಮಿತವಾಗಬೇಕಾಗಿಲ್ಲ. ಮಸೀದಿಯ ಪಕ್ಕದ ಓಣಿಯ ದಲಿತ, ಲಿಂಗಾಯತ, ಕುರುಬ ಮಗುವಿಗೂ ಓದಲು ಬಾರದಿದ್ದರೆ ಅದೂ ಬಂದು ಕೂರಲಿ. ಅಕ್ಷರದ ಮುಂದೆ ಒಟ್ಟಿಗೆ ಕುಳಿತ ಮಕ್ಕಳು ಮುಂದೆ ಪರಸ್ಪರ ಅನುಮಾನದಿಂದ ನೋಡುವುದು ಕಡಿಮೆ. ದ್ವೇಷದ ಮಾರುಕಟ್ಟೆ ಬಿರುಸಾಗಿರುವ ಈ ದಿನಗಳಲ್ಲಿ ಇದೂ ಸಣ್ಣ ಲಾಭವಲ್ಲ.

ಪ್ರವಾದಿ(ಸ)ಯವರಿಗೆ ಅವತೀರ್ಣವಾದ ಪ್ರಥಮ ವಹ್ಯ್ ಓದುವ ಆಜ್ಞೆಯಿಂದ ಆರಂಭವಾಗುತ್ತದೆ ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಆಜ್ಞೆಯ ವಾರಸುದಾರರ ಮನೆಯಲ್ಲಿ ಎಂಟು ವರ್ಷದ ಮಗು ನಾಲ್ಕು ಸಾಲು ಓದಲಾರದೆ ತಲೆ ತಗ್ಗಿಸಿ ನಿಲ್ಲುವುದಾದರೆ, ನಾಳೆ ನಾವು ಯಾರಿಗೆ ಉತ್ತರ ಕೊಡಬೇಕಾಗುತ್ತದೆ ಎಂದು ಯೋಚಿಸಬೇಕಾಗಿದೆ. ಮುಂದಿನ ಫಲಿತಾಂಶದ ಹೊತ್ತಿಗೆ ಶಾಲುಗಳನ್ನು ಕೊಳ್ಳುವ ಮುನ್ನ ಪ್ರತಿ ಜಮಾಅತ್ ತನ್ನ ಮೊಹಲ್ಲಾದ ಪಟ್ಟಿಯನ್ನು ಸಿದ್ಧಪಡಿಸಲಿ. ಕೆಲಸ ಅಲ್ಲಿಂದ ಆರಂಭವಾಗಲಿ.